‘ಇಂಡಿಟರ್ಮಿನೇಟ್’ ಎಂದರೆ ನೆಗೆಟಿವ್ ಅಲ್ಲ

ಹಾಸನದ ನನ್ನ ಕ್ಲಿನಿಕ್ಕಿಗೆ ಬರುವವರ ಕವರಿನಲ್ಲಿ ಎಕ್ಸ್‌ರೇ, ಸ್ಕ್ಯಾನ್‌ಗಳ ಜೊತೆಗೆ ಈಚೆಗೆ ‘ಟಿಬಿ ಗೋಲ್ಡ್’ ಎಂಬ ರಕ್ತಪರೀಕ್ಷೆಯ ವರದಿಯೂ ಇರುತ್ತದೆ. ಅದರಲ್ಲಿ ‘ಇಂಡಿಟರ್ಮಿನೇಟ್’ (ಏನೂ ತೀರ್ಮಾನಿಸಲಾಗದು) ಎಂದು ಅಚ್ಚಾಗಿದ್ದರೂ “ಟಿಬಿ ನೆಗೆಟಿವ್ ಬಂದಿದೆ ಸಾರ್” ಎಂದೇ ಹೇಳುತ್ತಾರೆ. ತಾಳ್ಮೆ ಕೆಡುವುದು ರೋಗಿಗಳ ಮೇಲಲ್ಲ. ವರದಿ ಓದಿ ಹೇಳಿದವರು ಅನೇಕ ಸಲ ಹಾಗೆಯೇ ಹೇಳಿ ಕಳುಹಿಸಿರುತ್ತಾರೆ.

ಮೂಡಿಗೆರೆ ಕಡೆಯ ಕಾಫಿ ತೋಟದ ಒಬ್ಬ ಮಧ್ಯವಯಸ್ಸಿನ ಹೆಂಗಸು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಕತ್ತಿನ ಎರಡೂ ಕಡೆ ಗಂಟು, ಬಿಡದ ಜ್ವರ ಎಂದು ಬಂದರು. ಕ್ಷಯದ ಆರು ತಿಂಗಳ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿ ಮುಗಿಸಿ, ಗಂಟು ಕರಗದೆ ಎರಡನೆಯ ಸುತ್ತಿಗೆ ಇಳಿದಿದ್ದರು. ಎಚ್‌ಐವಿ ಇರಲಿಲ್ಲ, ಸಕ್ಕರೆ ಕಾಯಿಲೆಯೂ ಇರಲಿಲ್ಲ. ವರದಿಯ ಎರಡನೆಯ ಪುಟದ ತಳದಲ್ಲಿ, ಮಡಿಕೆ ಬಿದ್ದು ಅರ್ಧ ಅಳಿಸಿದ ಸಾಲಿನಲ್ಲಿ, ‘ಮೈಟೋಜೆನ್’ ಎಂಬುದರ ಮುಂದೆ ಸೊನ್ನೆಗೆ ಹತ್ತಿರದ ಅಂಕಿಯಿತ್ತು.

ಆ ಸಾಲನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಪರೀಕ್ಷೆಯಲ್ಲಿ ರಕ್ತವನ್ನು ನಾಲ್ಕು ಟ್ಯೂಬುಗಳಿಗೆ ಹಾಕಿ, 37 ಡಿಗ್ರಿ ಶಾಖದಲ್ಲಿ 16ರಿಂದ 24 ಗಂಟೆ ಇಟ್ಟು, ಬಿಳಿ ರಕ್ತಕಣಗಳು ಸುರಿಸುವ ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಾಹಕ ವಸ್ತು ಎಷ್ಟೆಂದು ಅಳೆಯುತ್ತಾರೆ. ಎರಡು ಟ್ಯೂಬುಗಳಲ್ಲಿ ಕ್ಷಯದ ಅಂಶವಿರುತ್ತದೆ, ಒಂದು ಖಾಲಿ. ನಾಲ್ಕನೆಯದರಲ್ಲಿ ಇರುವ ಮೈಟೋಜೆನ್, ಕ್ಷಯ ಇರಲಿ ಬಿಡಲಿ, ಕಣಗಳನ್ನು ಬಡಿದೆಬ್ಬಿಸುವ ವಸ್ತು. ಅಲ್ಲಿಯೂ ಏನೂ ಕಾಣದಿದ್ದರೆ ಪರೀಕ್ಷೆಯೇ ನಡೆದಿಲ್ಲ ಎಂದರ್ಥ. ಕ್ಷಯ ಇದೆಯೆಂದೂ ಅಲ್ಲ, ಇಲ್ಲವೆಂದೂ ಅಲ್ಲ.

ಈ ಹೆಂಗಸಿನಲ್ಲಿ ಕಣಗಳು ಇಂಟರ್‌ಫೆರಾನ್ ಸುರಿಸುತ್ತಲೇ ಇದ್ದವು. ಆದರೆ ಅವರದೇ ರಕ್ತದಲ್ಲಿ ಆ ಇಂಟರ್‌ಫೆರಾನಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. ಗೊರೂರಿನಲ್ಲಿ ನಾಲೆಗೆ ನೀರು ಬಿಟ್ಟಿದ್ದರೂ ನಡುವೆಯೇ ಪಂಪು ಹಚ್ಚಿ ಎತ್ತಿಕೊಂಡರೆ ಕೊನೆಯ ಗದ್ದೆ ಒಣಗುವುದಿಲ್ಲವೇ, ಹಾಗೆ. ನಮ್ಮ ರಕ್ಷಕ ಕಣಗಳು ತಮ್ಮೊಳಗೆ ಸೇರಿದ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಆ ಸಂದೇಶ ಬೇಕೇ ಬೇಕು. ಅದು ತಲುಪದಿದ್ದಾಗ ಮಣ್ಣು ನೀರುಗಳಲ್ಲಿ ಸಾಮಾನ್ಯವಾಗಿರುವ, ಆರೋಗ್ಯವಂತರನ್ನು ಅಷ್ಟಾಗಿ ಕಾಡದ ಬ್ಯಾಕ್ಟೀರಿಯಾಗಳೂ ದೇಹದಲ್ಲಿ ಬೇರೂರುತ್ತವೆ. ಇವರ ಗಂಟಿನ ತುಣುಕನ್ನು ರೋಗಾಣುಗಳನ್ನು ಕೊಂದುಬಿಡುವ ಫಾರ್ಮಲಿನ್‌ಗೆ ಹಾಕದೆ, ರೋಗಾಣು ಬೆಳೆಸಿ ಗುರುತಿಸುವ ಕಲ್ಚರಿಗೆ ಕಳುಹಿಸಿದಾಗ ಬೆಳೆದದ್ದು ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್. ಸೂಕ್ಷ್ಮದರ್ಶಕದಲ್ಲಿ ಅದು ಕ್ಷಯದ ದಂಡಾಣುವಿನಂತೆಯೇ ಕೆಂಪಗೆ ಕಾಣುತ್ತದೆ, ಕ್ಷಯದ ಮಾಮೂಲಿ ಮಾತ್ರೆಗಳಿಗೆ ಬಗ್ಗುವುದಿಲ್ಲ.

ಥಾಯ್ಲೆಂಡ್ ಮತ್ತು ತೈವಾನಿನ 203 ಜನರನ್ನು ಒಳಗೊಂಡು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಚ್‌ಐವಿ ಇಲ್ಲದೆಯೂ ಇಂಥ ಸೋಂಕುಗಳು ತಗುಲಿದವರ ಪೈಕಿ ಶೇ. 88ರಷ್ಟು ಮಂದಿಯಲ್ಲಿ ಈ ಪ್ರತಿಕಾಯ ಕಂಡುಬಂದಿತ್ತು. ಆ ಅಂಕಿಯನ್ನು ಮಲೆನಾಡಿಗೆ ಹಾಗೆಯೇ ತಂದು ಹಚ್ಚಲಾಗದು. ಇಲ್ಲಿ ಇದು ವಿರಳ. ಇಂಡಿಟರ್ಮಿನೇಟ್ ಬರಲು ಇದಕ್ಕಿಂತ ಸಾಮಾನ್ಯ ಕಾರಣಗಳಿವೆ: ಟ್ಯೂಬನ್ನು ಸರಿಯಾಗಿ ಅಲುಗಾಡಿಸದಿರುವುದು, ಸಾಗಣೆಯಲ್ಲಿ ತಡವಾಗುವುದು, ಸ್ಟೀರಾಯ್ಡ್ ಸೇವನೆ. ಆದ್ದರಿಂದ ಮೊದಲು ಮತ್ತೊಮ್ಮೆ ಪರೀಕ್ಷಿಸಬೇಕು. ಮತ್ತೆಯೂ ಹಾಗೆಯೇ ಬಂದು, ಸೋಂಕೂ ವಿಚಿತ್ರವಾಗಿದ್ದರೆ ಮುಂದಿನದನ್ನು ಯೋಚಿಸಬೇಕು. “ಹಾಗಾದ್ರೆ ಇಮ್ಯುನಿಟಿ ಪುಡಿ ಕೊಡೋಣವಾ ಸಾರ್?” ಎಂದು ಆ ಹೆಂಗಸಿನ ಮಗ ಕೇಳಿದ್ದ. ತಾಯಿಯ ಮೇಲಿನ ಅಕ್ಕರೆ ಕಂಡು ಗದರಲಾಗಲಿಲ್ಲ. ಅವರಿಗೆ ಬೇಕಾದದ್ದು ಕಲ್ಚರಿಗೆ ತಕ್ಕ ಆಂಟಿಬಯಾಟಿಕ್, ಅದೂ ತಿಂಗಳುಗಟ್ಟಲೆ. ಕೆಲವರಿಗೆ ಪ್ರತಿಕಾಯ ತಯಾರಿಕೆಯನ್ನೇ ತಗ್ಗಿಸುವ ರಿಟುಕ್ಸಿಮಾಬ್ ಕೂಡ ಬೇಕಾಗಬಹುದು. ಎಂಟನೆಯ ತಿಂಗಳಲ್ಲಿ ಅವರ ಕತ್ತು ಮುಟ್ಟಿ ನೋಡಿದಾಗ ಬಲಗಡೆ ಕಡಲೆಕಾಳಿನಷ್ಟು ಒಂದು ಗಂಟು ಮಾತ್ರ ಉಳಿದಿತ್ತು.

ಕಳೆದ ವಾರ ಸಕಲೇಶಪುರದ ಹುಡುಗನೊಬ್ಬ ಇಂಥದೇ ವರದಿ ತಂದಿದ್ದ. ವಿಚಾರಿಸಿದರೆ ಅವನ ರಕ್ತ ಒಂದು ಇಡೀ ದಿನ ದಾರಿಯಲ್ಲೇ ಕಳೆದಿತ್ತು. ಮತ್ತೆ ತೆಗೆಸಿದಾಗ ಮೈಟೋಜೆನ್ ಟ್ಯೂಬು ಸರಿಯಾಗಿ ಬಂತು, ಕ್ಷಯದ ಎರಡೂ ಟ್ಯೂಬುಗಳಲ್ಲಿ ಏನೂ ಇರಲಿಲ್ಲ. ಈ ಸಲ ನೆಗೆಟಿವ್ ಎಂಬ ಮಾತನ್ನು ನಾನೇ ಹೇಳಿದೆ.