ಅರ್ಧ ಈಗ, ಅರ್ಧ ಆಮೇಲೆ

ಮಂಗಳೂರಿನ ಪಣಂಬೂರು ಬಂದರಿನಲ್ಲಿ ಕ್ರೇನಿನ ಟ್ರಾಲಿ ಸರಕನ್ನು ಒಯ್ದು ಗಕ್ಕನೆ ನಿಂತಿತು ಎನ್ನಿ. ಟ್ರಾಲಿ ನಿಂತರೂ ಹಗ್ಗದ ತುದಿಯ ಸರಕು ನಿಲ್ಲದು, ಅತ್ತಿತ್ತ ತೂಗುತ್ತಲೇ ಇರುತ್ತದೆ. ಹಗ್ಗ 10 ಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಸುಮಾರು 6.3 ಸೆಕೆಂಡು. ಸರಕು ಐದು ಟನ್ನಿರಲಿ ಇಪ್ಪತ್ತಿರಲಿ, ಲೆಕ್ಕಕ್ಕೆ ಬರುವುದು ಹಗ್ಗದ ಉದ್ದ.

ಬೈಕಂಪಾಡಿಯ ವರ್ಕ್‌ಶಾಪಿನ ಸಿಎನ್‌ಸಿ ಯಂತ್ರದಲ್ಲೂ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ) ಇದೇ ಕಥೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ. ಮೋಟಾರು ನಿಂತ ಮೇಲೂ ಅದು ಹೊತ್ತ ಭಾಗ ನಡುಗುತ್ತಿರುತ್ತದೆ. ಇದೇ ಉಳಿಕೆ ಕಂಪನ. ವೇಗ ತಗ್ಗಿಸುವುದು, ಇಲ್ಲವೇ ಚೌಕಟ್ಟನ್ನು ದಪ್ಪ ಮಾಡುವುದು ಎಲ್ಲರಿಗೂ ಗೊತ್ತಿರುವ ಮದ್ದು. ಮೊದಲನೆಯದು ಸಮಯ ತಿನ್ನುತ್ತದೆ, ಎರಡನೆಯದು ದುಡ್ಡು.

ಅಮೆರಿಕದ ಎಂಜಿನಿಯರ್ ಒಟ್ಟೊ ಸ್ಮಿತ್ 1957ರಲ್ಲಿ ಪ್ರಕಟಿಸಿದ ಉಪಾಯ ನನಗೆ ಇವೆರಡಕ್ಕಿಂತ ಹೆಚ್ಚು ಮೆಚ್ಚುಗೆ: ಮೋಟಾರಿಗೆ ಕೊಡುವ ಆಜ್ಞೆಯನ್ನೇ ಎರಡು ಪಾಲು ಮಾಡುವುದು. ಟ್ರಾಲಿಗೆ ಬೇಕಾದ ವೇಗದ ಅರ್ಧವನ್ನು ಮಾತ್ರ ಮೊದಲು ಕೊಡಿ. ಸರಕು ಹಿಂದೆ ಉಳಿಯುತ್ತದೆ, ಮತ್ತೆ ಮುಂದಕ್ಕೆ ತೂಗಿ ಬರುತ್ತದೆ. ಅರ್ಧ ತೂಗಾಟ, ಅಂದರೆ ಸುಮಾರು 3.2 ಸೆಕೆಂಡು ಮುಗಿದಾಗ ಅದು ಟ್ರಾಲಿಯ ನೇರ ಕೆಳಗೆ ಇರುತ್ತದೆ, ಅದರ ಎರಡರಷ್ಟು ವೇಗದಲ್ಲಿ. ಅಂದರೆ ನಮಗೆ ಬೇಕಿದ್ದ ಪೂರ್ಣ ವೇಗದಲ್ಲೇ! ಆ ಕ್ಷಣಕ್ಕೆ ಟ್ರಾಲಿಗೆ ಉಳಿದರ್ಧ ವೇಗ ಕೊಟ್ಟರೆ ಎರಡೂ ಜೊತೆಯಾಗಿ ಸಾಗುತ್ತವೆ, ತೂಗಾಟವೇ ಇಲ್ಲ. ನಿಲ್ಲಿಸುವಾಗಲೂ ಹೀಗೆಯೇ ಎರಡು ಹಂತ.

ಸೆಕೆಂಡಿಗೆ 50 ಬಾರಿ ನಡುಗುವ ಯಂತ್ರಕ್ಕೆ ಈ ಕಾಯುವಿಕೆ ಬರೀ 10 ಮಿಲಿಸೆಕೆಂಡು. ಆದರೆ ನಡುಕದ ಲಯವನ್ನು ತಪ್ಪಾಗಿ ಅಳೆದರೆ ಕಂಪನ ಪೂರ್ತಿ ಅಳಿಯುವುದಿಲ್ಲ. 1990ರಲ್ಲಿ ಎಂಐಟಿಯ (ಮಣಿಪಾಲದ್ದಲ್ಲ, ಅಮೆರಿಕದ್ದು) ನೀಲ್ ಸಿಂಗರ್ ಮತ್ತು ವಾರೆನ್ ಸೀರಿಂಗ್ ಇದಕ್ಕೆ ದಾರಿ ತೋರಿಸಿದರು. ಆಜ್ಞೆಯನ್ನು ಕಾಲು, ಅರ್ಧ, ಕಾಲು ಎಂದು ಮೂರು ಪಾಲು ಮಾಡಿದರೆ ಅಳತೆ ತುಸು ತಪ್ಪಿದರೂ ನಡೆಯುತ್ತದೆ. ಕಾಯುವುದು ಮಾತ್ರ ಇಮ್ಮಡಿ.

ಕಡಲ ಗಾಳಿ ಸರಕನ್ನು ತಳ್ಳಿದರೆ ಈ ಉಪಾಯದಿಂದ ಪ್ರಯೋಜನವಿಲ್ಲ. ನಮ್ಮದೇ ಆಜ್ಞೆ ಎಬ್ಬಿಸಿದ ನಡುಕವನ್ನಷ್ಟೇ ಅದು ಅಳಿಸಬಲ್ಲದು. ಗಾಳಿಗೆ ಸೆನ್ಸರ್ ಇಟ್ಟು ಕ್ಷಣಕ್ಷಣವೂ ತಿದ್ದಬೇಕು.

ಆಜ್ಞೆಯನ್ನು ಪಾಲು ಮಾಡುವ ಈ ಉಪಾಯ ಇಂದು ಮನೆಯ ತ್ರೀಡಿ ಪ್ರಿಂಟರಿಗೂ ಬಂದಿದೆ. ಮೂಲೆ ತಿರುಗಿದ ಮೇಲೆ ಅಚ್ಚಿನ ಮೈಮೇಲೆ ಮೂಡುವ ಅಲೆಗೆರೆಗಳು ಉಳಿಕೆ ಕಂಪನದ ಗುರುತು. ‘ಕ್ಲಿಪ್ಪರ್’ ಎಂಬ ಮುಕ್ತ ತಂತ್ರಾಂಶ ಬಳಸುವವರು ಮುದ್ರಣದ ತಲೆಗೆ ನಡುಕ ಅಳೆಯುವ ಪುಟ್ಟ ಆಕ್ಸಿಲರೋಮೀಟರ್ ಕಟ್ಟಿ, ಯಂತ್ರವನ್ನು ಬೇರೆ ಬೇರೆ ಲಯದಲ್ಲಿ ಅಲುಗಿಸಿ, ಅದು ಅತಿ ಹೆಚ್ಚು ನಡುಗುವ ಲಯವನ್ನು ಹಿಡಿಯುತ್ತಾರೆ. ಆ ಲಯಕ್ಕೆ ತಕ್ಕಂತೆ ತಂತ್ರಾಂಶ ಆಜ್ಞೆಯನ್ನು ಪಾಲು ಮಾಡುತ್ತದೆ. ಬೆಲ್ಟ್ ಸಡಿಲವಾದರೆ ಲಯ ಬದಲಾಗುತ್ತದೆ, ಮತ್ತೆ ಅಳೆಯಬೇಕು.