ಪೆಟ್ಟು ತಿಂದ ಬ್ಯಾಟರಿಯನ್ನು ಎಷ್ಟು ಹೊತ್ತು ಕಾಯಬೇಕು?

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕ ಹೊಯ್ದ ಭಾಗವೊಂದು ಪೆಟ್ಟು ತಡೆಯುತ್ತದೆಯೇ ಎಂಬುದು ಪರೀಕ್ಷಾ ಯಂತ್ರದ ಸುತ್ತಿಗೆ ಬಿದ್ದ ಕ್ಷಣದಲ್ಲೇ ತೀರ್ಮಾನವಾಗುತ್ತದೆ. ಅದೇ ಊರಿನ ಗ್ಯಾರೇಜಿಗೆ ಅಪಘಾತದ ನಂತರ ಬಂದ ವಿದ್ಯುತ್ ಸ್ಕೂಟರಿನ ಬ್ಯಾಟರಿಗೆ ಈ ಮಾತು ಸಲ್ಲುವುದಿಲ್ಲ. ಗಾಡಿ ಚಾಲೂ ಆಯಿತೆಂದರೆ ಬ್ಯಾಟರಿ ಸರಿಯಿದೆ ಎಂದುಕೊಳ್ಳುವುದು ನಮ್ಮ ರೂಢಿ; ಪರೀಕ್ಷಾ ನಿಯಮಗಳೂ ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಬೆಳೆದಿವೆ.

ಇಂಥ ಬ್ಯಾಟರಿಯೆಂದರೆ ಹಲವು ಸೆಲ್‌ಗಳ ಜೋಡಣೆ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಸೆಲ್‌ನಲ್ಲಿ ಧನ ಮತ್ತು ಋಣ ಪದರಗಳನ್ನು ದೂರವಿಡುವುದು ಸೆಪರೇಟರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ. ಸಾಮಾನ್ಯವಾಗಿ ಅದರ ದಪ್ಪ 20 ಮೈಕ್ರಾನ್‌ನ ಆಸುಪಾಸು. ಅದು ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ, ಶಾಖವು ರಾಸಾಯನಿಕ ಕ್ರಿಯೆಗಳನ್ನು ಕೆರಳಿಸಿ, ಆ ಕ್ರಿಯೆಗಳು ಮತ್ತಷ್ಟು ಶಾಖವನ್ನು ಹುಟ್ಟಿಸುತ್ತವೆ. ಹರಿಯದೆ ಬರೀ ಸವೆದಿದ್ದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಸಾಗಣೆಗಾಗಿ ವಿಶ್ವಸಂಸ್ಥೆ ರೂಪಿಸಿದ ಯುಎನ್ 38.3 ನಿಯಮದಲ್ಲಿ ಸೆಲ್‌ನ ಮೇಲೆ 15.8 ಮಿಲಿಮೀಟರ್ ಸರಳನ್ನಿಟ್ಟು, 61 ಸೆಂಟಿಮೀಟರ್ ಎತ್ತರದಿಂದ 9.1 ಕಿಲೋ ತೂಕವನ್ನು ಬೀಳಿಸುತ್ತಾರೆ. ಕೆಲವು ಬಗೆಯ ಸೆಲ್‌ಗಳನ್ನು 13 ಕಿಲೋನ್ಯೂಟನ್ ಬಲದವರೆಗೆ ಅದುಮುತ್ತಾರೆ. ಆರು ಗಂಟೆಗಳೊಳಗೆ ಬೆಂಕಿ ಹೊತ್ತದೆ, ಸೆಲ್ ಒಡೆಯದೆ, ಉಷ್ಣತೆ 170 ಡಿಗ್ರಿ ದಾಟದೆ ಇದ್ದರೆ ಪಾಸು.

2006ರಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಲಕ್ಷಗಟ್ಟಲೆ ಹಿಂಪಡೆಯಬೇಕಾಗಿ ಬಂದಾಗ ಈ ಲೆಕ್ಕಾಚಾರ ಸಾಲದೆಂದು ಗೊತ್ತಾಯಿತು. ಅಲ್ಲಿ ಹೊರಗಿನ ಪೆಟ್ಟೇ ಇರಲಿಲ್ಲ, ತಯಾರಿಕೆಯಲ್ಲಿ ಒಳಸೇರಿದ ಲೋಹದ ಕಣಗಳಿದ್ದವು. ಮರುವರ್ಷ ಜಪಾನ್, ಸೆಲ್ ಬಿಚ್ಚಿ ಒಳಗೆ ನಿಕ್ಕಲ್‌ನ ಪುಟ್ಟ ಚೂರಿಟ್ಟು ಅದುಮುವ ಪರೀಕ್ಷೆಯನ್ನು ತನ್ನ ಮಾನದಂಡಕ್ಕೆ ಸೇರಿಸಿತು. ಮೊಳೆ ಚುಚ್ಚುವ ಹಳೆಯ ಪರೀಕ್ಷೆಯ ಬಗ್ಗೆ ತಕರಾರು ಮೊದಲಿನಿಂದಲೂ ಇತ್ತು: ಮೊಳೆಯ ದಪ್ಪ, ಮೊನೆ, ವೇಗ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ಚೀನಾ 2020ರಲ್ಲಿ ತನ್ನ ಕಡ್ಡಾಯ ನಿಯಮದ ಸೆಲ್ ಪರೀಕ್ಷೆಗಳಿಂದ ಅದನ್ನು ಕೈಬಿಟ್ಟಿತು; ವಿಚಿತ್ರವೆಂದರೆ, ಅದೇ ವರ್ಷ ಬಿವೈಡಿ ಕಂಪನಿ ತನ್ನ ಬ್ಲೇಡ್ ಬ್ಯಾಟರಿಯ ಹೆಗ್ಗಳಿಕೆಯಾಗಿ ಮೆರೆಸಿದ್ದು ಆ ಮೊಳೆಯನ್ನೇ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಪಾಠ 2011ರದು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯು ಮೇ ತಿಂಗಳಲ್ಲಿ ಷೆವರ್ಲೆ ವೋಲ್ಟ್ ಕಾರಿನ ಪಕ್ಕಕ್ಕೆ ಕಂಬ ತಾಗಿಸುವ ಪರೀಕ್ಷೆ ನಡೆಸಿತು. ಬ್ಯಾಟರಿಗೆ ಪೆಟ್ಟಾಗಿ, ಅದನ್ನು ತಂಪಾಗಿಡುವ ದ್ರವ (ಕೂಲಂಟ್) ಸೋರಿದ್ದನ್ನು ಯಾರೂ ಗಂಭೀರವಾಗಿ ಎಣಿಸಲಿಲ್ಲ. ಮೂರು ವಾರಗಳ ನಂತರ, ಅಂಗಳದಲ್ಲಿ ಸುಮ್ಮನೆ ನಿಂತಿದ್ದ ಆ ಕಾರು ಹೊತ್ತಿ ಉರಿದು ಪಕ್ಕದ ವಾಹನಗಳನ್ನೂ ಸುಟ್ಟಿತು. ತಯಾರಕರು ಬ್ಯಾಟರಿಯ ಸುತ್ತಲಿನ ಉಕ್ಕಿನ ಕಟ್ಟನ್ನು ಬಲಪಡಿಸಿದರು. ದೊಡ್ಡ ಅಪಘಾತವಾದರೆ ಬ್ಯಾಟರಿಯ ಚಾರ್ಜನ್ನೇ ಇಳಿಸಿಬಿಡಬೇಕೆಂಬ ಪದ್ಧತಿಯೂ ಅಲ್ಲಿಂದ ಬಲಗೊಂಡಿತು. 2013ರಲ್ಲಿ ರಸ್ತೆಯ ಮೇಲಿನ ಲೋಹದ ತುಂಡುಗಳು ತಳಕ್ಕೆ ಬಡಿದು ಟೆಸ್ಲಾ ಕಾರುಗಳು ಉರಿದವು. ಮರುವರ್ಷ ಅವುಗಳ ತಳಕ್ಕೆ ಟೈಟಾನಿಯಂ ಕವಚ ಬಂತು.

ಭಾರತದಲ್ಲಿ 2022ರ ಬೇಸಿಗೆಯ ಸ್ಕೂಟರ್ ಬೆಂಕಿಗಳ ನಂತರ ದ್ವಿಚಕ್ರ ವಾಹನಗಳ ಏಐಎಸ್-156 ನಿಯಮವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಿಂದ ಎರಡು ಹಂತಗಳಲ್ಲಿ ಜಾರಿಗೆ ತರಲಾಯಿತು. ಕಂಪನ, ಆಘಾತ, ಕಳಚಬಹುದಾದ ಬ್ಯಾಟರಿಯನ್ನು ಎತ್ತರದಿಂದ ಬೀಳಿಸುವುದು ಎಲ್ಲವೂ ಅದರಲ್ಲಿವೆ. ಆದರೆ ಇಂಥ ಪರೀಕ್ಷೆಗಳ ಬಳಿಕ ಬ್ಯಾಟರಿಯನ್ನು ಗಮನಿಸುವ ಅವಧಿ ಒಂದು ಗಂಟೆ ಮಾತ್ರ. ವೋಲ್ಟ್ ಕಾರು ಹೊತ್ತಿಕೊಳ್ಳಲು ತೆಗೆದುಕೊಂಡದ್ದು ಮೂರು ವಾರ. ಈ ಅಂತರವನ್ನು ತುಂಬುವ ನಿಯಮ ಬರುವವರೆಗೆ, ತಳ ಜಜ್ಜಿದ ಬ್ಯಾಟರಿಯನ್ನು ಗ್ಯಾರೇಜಿನವರು ಕೂಡಲೇ ಚಾರ್ಜಿಗೆ ಹಾಕದೆ ಬಯಲಿನಲ್ಲಿ ಉಳಿದ ಗಾಡಿಗಳಿಂದ ದೂರವಿಟ್ಟು, ಕಂಪನಿಯ ತಂತ್ರಜ್ಞರಿಂದ ಒಂದೊಂದು ಸೆಲ್‌ನ ವೋಲ್ಟೇಜನ್ನೂ ಅಳೆಸುವುದೇ ಸರಿ.