ಅಡ್ರಿನಲಿನ್‌ನಿಂದ ಗ್ಲೂಕೋಸ್‌ವರೆಗೆ: ಸಿಗ್ನಲ್ ಹತ್ತುವ ಬಗೆ, ಆರುವ ಬಗೆ

ಸೆಲ್ ಸಿಗ್ನಲಿಂಗ್ ಓದುವಾಗ ಹೆಚ್ಚಿನವರು ಬಾಣದ ಗುರುತುಗಳನ್ನೇ ಬಾಯಿಪಾಠ ಮಾಡುತ್ತಾರೆ: ಹಾರ್ಮೋನ್, ರಿಸೆಪ್ಟರ್, ಜಿ-ಪ್ರೋಟೀನ್, ಸೈಕ್ಲಿಕ್ ಎಎಂಪಿ, ಕೈನೇಸ್. ಅಲ್ಲಿಗೆ ಅರ್ಧ ಪಾಠ ಮಾತ್ರ ಆಯಿತು. ಪ್ರತಿ ಬಾಣದ ಎದುರಿಗೂ ಅದು ಹೇಗೆ ಆರುತ್ತದೆ ಎಂದು ಬರೆದುಕೊಳ್ಳಿ. ಕಾಲರಾ ಪ್ರಶ್ನೆ ಬರಲಿ, ಆಸ್ತಮಾ ಇನ್‌ಹೇಲರ್ ಪ್ರಶ್ನೆ ಬರಲಿ, ಉತ್ತರ ಇರುವುದು ಈ ಎರಡನೇ ಸಾಲಿನಲ್ಲೇ. ಹತ್ತಾರು ದಾರಿಗಳನ್ನು ಮೇಲುಮೇಲೆ ಓದುವುದಕ್ಕಿಂತ ಒಂದನ್ನು ಪೂರ್ತಿ ಬಿಚ್ಚಿ ನೋಡುವುದು ವಾಸಿ. ಹಾಗಾಗಿ ಇಲ್ಲಿ ಅಡ್ರಿನಲಿನ್ ಬಂದಾಗ ಲಿವರ್ ಕೋಶ ಗ್ಲೈಕೋಜನ್ (ಗ್ಲೂಕೋಸ್ ಪೋಣಿಸಿ ಕೂಡಿಟ್ಟ ದಾಸ್ತಾನು) ಒಡೆದು ಗ್ಲೂಕೋಸ್ ಬಿಡುವ ದಾರಿಯನ್ನು ಹಿಡಿಯೋಣ.

ಹಾರ್ಮೋನ್ ಒಳಗೆ ಹೋಗುವುದಿಲ್ಲ

ಇದನ್ನು ತೋರಿಸಿದ್ದು 1950ರ ದಶಕದಲ್ಲಿ ಅರ್ಲ್ ಸದರ್‌ಲ್ಯಾಂಡ್ ಮತ್ತು ಸಂಗಡಿಗರು. ಲಿವರನ್ನು ಅರೆದು ಆ ದ್ರವಕ್ಕೆ ಅಡ್ರಿನಲಿನ್ ಹಾಕಿದರೆ ಗ್ಲೈಕೋಜನ್ ಒಡೆಯುವ ಫಾಸ್ಫೊರಿಲೇಸ್ ಕಿಣ್ವ ಚುರುಕಾಗುತ್ತಿತ್ತು. ಸೆಂಟ್ರಿಫ್ಯೂಜ್ ಮಾಡಿ ಕೋಶಪೊರೆಯ ಚೂರುಗಳನ್ನು ತೆಗೆದುಬಿಟ್ಟರೆ, ಉಳಿದ ತಿಳಿಗೆ ಎಷ್ಟು ಅಡ್ರಿನಲಿನ್ ಹಾಕಿದರೂ ಏನೂ ಆಗುತ್ತಿರಲಿಲ್ಲ. ಆಮೇಲೆ ಬರೀ ಪೊರೆಯ ಚೂರುಗಳಿಗೆ ಅಡ್ರಿನಲಿನ್ ಮತ್ತು ಎಟಿಪಿ ಸೇರಿಸಿ ಇಟ್ಟರು, ಕುದಿಸಿದರು, ಆ ದ್ರವವನ್ನು ತಿಳಿಗೆ ಹಾಕಿದರು. ಫಾಸ್ಫೊರಿಲೇಸ್ ಮತ್ತೆ ಚುರುಕಾಯಿತು. ಕುದಿಸಿದರೂ ಕೆಡದ ಆ ಸಣ್ಣ ಅಣುವೇ ಸೈಕ್ಲಿಕ್ ಎಎಂಪಿ. ಹೊರಗಿನ ಸುದ್ದಿಯನ್ನು ಒಳಗೆ ಹೇಳುವುದರಿಂದ ಅದಕ್ಕೆ ಎರಡನೇ ದೂತ ಎಂಬ ಹೆಸರು ಬಂತು, ಸದರ್‌ಲ್ಯಾಂಡ್‌ಗೆ 1971ರ ನೊಬೆಲ್ ಬಂತು.

ಅಡ್ರಿನಲಿನ್ ಕೂರುವುದು ಕೋಶಪೊರೆಯಲ್ಲಿರುವ ಬೀಟಾ-2 ರಿಸೆಪ್ಟರ್ ಮೇಲೆ. ಇದರ ಪ್ರೋಟೀನ್ ಸರಪಳಿ ಪೊರೆಯನ್ನು ಏಳು ಸಲ ಹಾದುಹೋಗುತ್ತದೆ. ಮನುಷ್ಯರಲ್ಲಿ ಈ ಜಾತಿಯ ರಿಸೆಪ್ಟರ್‌ಗಳು ಸುಮಾರು 800 ಇವೆ, ಬಳಕೆಯಲ್ಲಿರುವ ಔಷಧಿಗಳಲ್ಲಿ ಮೂರನೇ ಒಂದರಷ್ಟು ಇವುಗಳ ಮೇಲೆಯೇ ಕೆಲಸ ಮಾಡುತ್ತವೆ.

ಇಲ್ಲೊಂದು ಲೆಕ್ಕ ಮನಸ್ಸಿನಲ್ಲಿರಲಿ. ರಿಸೆಪ್ಟರ್‌ಗಳಲ್ಲಿ ಎಷ್ಟು ಭಾಗ ತುಂಬಿದೆ ಎಂದು ತಿಳಿಯಲು ಹಾರ್ಮೋನ್‌ನ ಸಾಂದ್ರತೆಯನ್ನು, ಅದೇ ಸಾಂದ್ರತೆ ಮತ್ತು ಕೆಡಿಗಳ ಮೊತ್ತದಿಂದ ಭಾಗಿಸಬೇಕು. ಕೆಡಿ (Kd) ಎಂದರೆ ಹಾರ್ಮೋನ್ ರಿಸೆಪ್ಟರ್ ಮೇಲೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದರ ಅಳತೆ. ಸಾಂದ್ರತೆ ಕೆಡಿಯಷ್ಟೇ ಇದ್ದರೆ ಅರ್ಧ ತುಂಬುತ್ತದೆ. ಶೇ. 10 ತುಂಬಲು ಕೆಡಿಯ ಒಂಬತ್ತನೇ ಒಂದು ಭಾಗ ಸಾಕು, ಶೇ. 90 ತುಂಬಲು ಕೆಡಿಯ ಒಂಬತ್ತು ಪಟ್ಟು ಬೇಕು. ಅಂದರೆ ಈ ಎರಡರ ನಡುವೆ 81 ಪಟ್ಟು ಅಂತರ. ಆದರೆ ಶೇ. 50 ರಿಸೆಪ್ಟರ್ ತುಂಬಿದರೆ ಪರಿಣಾಮವೂ ಶೇ. 50 ಎಂದು ಬರೆಯಬೇಡಿ. ಮುಂದಿನ ಹಂತಗಳು ಸಿಗ್ನಲನ್ನು ಹಿಗ್ಗಿಸುವುದರಿಂದ, ಕೆಲವೇ ರಿಸೆಪ್ಟರ್ ತುಂಬಿದಾಗಲೇ ಪೂರ್ತಿ ಪರಿಣಾಮ ಸಿಗುವುದುಂಟು.

ಜಿ-ಪ್ರೋಟೀನ್: ಎಲ್ಲರೂ ಎಡವುವ ಜಾಗ

ಪೊರೆಯ ಒಳಮೈಗೆ ಅಂಟಿಕೊಂಡಿರುವ ಜಿಎಸ್ ಪ್ರೋಟೀನ್‌ಗೆ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಭಾಗ. ಸುಮ್ಮನಿರುವಾಗ ಆಲ್ಫಾ ಜಿಡಿಪಿ (ಎರಡು ಫಾಸ್ಫೇಟ್ ಇರುವ ಒಂದು ಸಣ್ಣ ಅಣು) ಹಿಡಿದುಕೊಂಡಿರುತ್ತದೆ. ಹಾರ್ಮೋನ್ ಕೂತ ರಿಸೆಪ್ಟರ್ ತನ್ನ ಆಕಾರ ಬದಲಿಸಿ ಆಲ್ಫಾವನ್ನು ಒತ್ತಿದಾಗ ಜಿಡಿಪಿಯ ಮೇಲಿನ ಹಿಡಿತ ಸಡಿಲವಾಗುತ್ತದೆ, ಜಿಡಿಪಿ ಹೊರಬೀಳುತ್ತದೆ. ಖಾಲಿಯಾದ ಜಾಗಕ್ಕೆ ಜಿಟಿಪಿ (ಅದೇ ಅಣು, ಆದರೆ ಮೂರು ಫಾಸ್ಫೇಟ್ ಇರುವುದು) ಬರುತ್ತದೆ. ಜಿಟಿಪಿಯೇ ಯಾಕೆ? ಕೋಶದಲ್ಲಿ ಅದು ಜಿಡಿಪಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚಿದೆ, ಅಷ್ಟೇ. ‘ಜಿಡಿಪಿಗೆ ಒಂದು ಫಾಸ್ಫೇಟ್ ಸೇರಿ ಜಿಟಿಪಿ ಆಗುತ್ತದೆ’ ಎಂದು ಬರೆದರೆ ಅಂಕ ಹೋಯಿತೆಂದೇ ತಿಳಿಯಿರಿ. ಇಲ್ಲಿ ನಡೆಯುವುದು ಅದಲುಬದಲು. ಫಾಸ್ಫೇಟ್ ಜೋಡಣೆ ಇಲ್ಲಿಲ್ಲ.

ಜಿಟಿಪಿ ಹಿಡಿದ ಆಲ್ಫಾ ಉಳಿದೆರಡನ್ನು ಬಿಟ್ಟು ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವದ ಹತ್ತಿರ ಹೋಗಿ ಅದನ್ನು ಎಬ್ಬಿಸುತ್ತದೆ. ಆಲ್ಫಾಗೆ ಒಂದು ಗಡಿಯಾರ ಒಳಗೇ ಇದೆ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ತಾನು ಹಿಡಿದ ಜಿಟಿಪಿಯನ್ನು ತಾನೇ ಕತ್ತರಿಸಿ ಜಿಡಿಪಿ ಮಾಡಿಕೊಂಡು ಬೀಟಾ-ಗಾಮಾ ಜೊತೆ ಮತ್ತೆ ಕೂಡುತ್ತದೆ. ಈ ಕತ್ತರಿಸುವ ಕೆಲಸಕ್ಕೆ ಅದರ 201ನೇ ಅಮೈನೋ ಆಮ್ಲವಾದ ಆರ್ಜಿನಿನ್ ಬೇಕೇ ಬೇಕು. ಈ ಸಂಖ್ಯೆ ನೆನಪಿಡಿ, ಮುಂದೆ ಎರಡು ಸಲ ಬರುತ್ತದೆ.

ಸೈಕ್ಲಿಕ್ ಎಎಂಪಿಯಿಂದ ಮುಂದೆ

ಸೈಕ್ಲೇಸ್ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ಮಾಡುತ್ತದೆ. ಈ ಸೈಕ್ಲಿಕ್ ಎಎಂಪಿ ಹುಡುಕುವುದು ಪಿಕೆಎಯನ್ನು, ಅಂದರೆ ಪ್ರೋಟೀನ್ ಕೈನೇಸ್ ಎಯನ್ನು. ಕೈನೇಸ್ ಎಂದರೆ ಫಾಸ್ಫೇಟ್ ಹಾಕುವ ಕಿಣ್ವ. ಪಿಕೆಎಯಲ್ಲಿ ಎರಡು ನಿಯಂತ್ರಕ ಭಾಗಗಳು ಎರಡು ಕೆಲಸಗಾರ ಭಾಗಗಳ ಬಾಯಿ ಮುಚ್ಚಿ ಕೂತಿರುತ್ತವೆ. ಒಂದೊಂದು ನಿಯಂತ್ರಕಕ್ಕೆ ಎರಡೆರಡರಂತೆ ನಾಲ್ಕು ಸೈಕ್ಲಿಕ್ ಎಎಂಪಿ ಕೂತ ಮೇಲೆ ಕೆಲಸಗಾರರು ಬಿಡುಗಡೆಯಾಗುತ್ತಾರೆ. ಪಿಕೆಎ ಫಾಸ್ಫೊರಿಲೇಸ್ ಕೈನೇಸ್‌ಗೆ ಫಾಸ್ಫೇಟ್ ಹಾಕುತ್ತದೆ. ಆ ಕೈನೇಸ್ ಗ್ಲೈಕೋಜನ್ ಫಾಸ್ಫೊರಿಲೇಸ್‌ನ 14ನೇ ಸೆರಿನ್‌ಗೆ ಫಾಸ್ಫೇಟ್ ಹಾಕುತ್ತದೆ. ಫಾಸ್ಫೊರಿಲೇಸ್ ಗ್ಲೈಕೋಜನ್ನಿನಿಂದ ಒಂದೊಂದೇ ಗ್ಲೂಕೋಸ್-1-ಫಾಸ್ಫೇಟ್ ಕೀಳುತ್ತದೆ, ಅದು 6-ಫಾಸ್ಫೇಟ್ ಆಗಿ, ಕೊನೆಗೆ ಫಾಸ್ಫೇಟ್ ಕಳಚಿ ರಕ್ತಕ್ಕೆ ಹೋಗುತ್ತದೆ. ಫಾಸ್ಫೇಟ್ ಕಳಚುವ ಆ ಕೊನೆಯ ಕಿಣ್ವ ಸ್ನಾಯುವಿನಲ್ಲಿಲ್ಲ. ಹಾಗಾಗಿ ಸ್ನಾಯು ತನ್ನ ಗ್ಲೈಕೋಜನ್ನನ್ನು ತಾನೇ ಉರಿಸಿಕೊಳ್ಳಬೇಕೇ ಹೊರತು ರಕ್ತಕ್ಕೆ ಕೊಡಲಾರದು.

ಅದೇ ಹೊತ್ತಿಗೆ ಪಿಕೆಎ ಗ್ಲೈಕೋಜನ್ ಕಟ್ಟುವ ಸಿಂಥೇಸನ್ನು ನಿಲ್ಲಿಸಲು ಏರ್ಪಾಡು ಮಾಡುತ್ತದೆ. ಒಂದು ಕಡೆ ಒಡೆಯುತ್ತ ಇನ್ನೊಂದು ಕಡೆ ಕಟ್ಟುತ್ತಿದ್ದರೆ ದಂಡ. ಉತ್ತರದಲ್ಲಿ ಈ ಸಾಲನ್ನು ಬಿಟ್ಟುಬಿಡುವವರೇ ಹೆಚ್ಚು.

ಇಷ್ಟೊಂದು ಹಂತ ಯಾಕೆ ಎಂದರೆ ಹಿಗ್ಗಿಸಲು. ರಕ್ತದಲ್ಲಿ ಅಡ್ರಿನಲಿನ್ 10ರ ಘಾತ -10 ಮೋಲಾರ್‌ನಷ್ಟಿದ್ದರೂ ಲಿವರ್ ಸ್ಪಂದಿಸಬಲ್ಲದು. ಒಳಗೆ ಬೇಕಾಗುವ ಸೈಕ್ಲಿಕ್ ಎಎಂಪಿ 10ರ ಘಾತ -6ರ ಆಸುಪಾಸು. ಮೊದಲ ಮಜಲಿನಲ್ಲೇ ಹತ್ತು ಸಾವಿರ ಪಟ್ಟು.

ಅಡ್ರಿನಲಿನ್‌ಗೆ ಲಿವರ್‌ನಲ್ಲಿ ಇನ್ನೊಂದು ಬಾಗಿಲೂ ಉಂಟು: ಆಲ್ಫಾ-1 ರಿಸೆಪ್ಟರ್. ಅದು ಜಿಕ್ಯೂ ಎಂಬ ಬೇರೊಂದು ಜಿ-ಪ್ರೋಟೀನ್ ಮೂಲಕ ಐಪಿ3 ಎಂಬ ಇನ್ನೊಂದು ಎರಡನೇ ದೂತನನ್ನು ಮಾಡಿಸಿ, ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ಫಾಸ್ಫೊರಿಲೇಸ್ ಕೈನೇಸ್‌ನ ಒಂದು ಭಾಗ ಕ್ಯಾಲ್ಸಿಯಂ ಹಿಡಿಯುವ ಕ್ಯಾಲ್ಮೊಡ್ಯುಲಿನ್ ಪ್ರೋಟೀನ್ ಆದ್ದರಿಂದ ಈ ಕ್ಯಾಲ್ಸಿಯಂ ಕೂಡ ಅದನ್ನೇ ಎಬ್ಬಿಸುತ್ತದೆ. ಎರಡು ದಾರಿ, ಒಂದೇ ಕೂಡುರಸ್ತೆ.

ಆರಿಸುವವರು ಯಾರು ಯಾರು

ಹಾರ್ಮೋನ್ ರಿಸೆಪ್ಟರ್ ಬಿಟ್ಟು ಹೋಗುವುದು ಮೊದಲನೆಯದು. ಆಲ್ಫಾದ ಗಡಿಯಾರ ಎರಡನೆಯದು. ಆಗಲೇ ತಯಾರಾದ ಸೈಕ್ಲಿಕ್ ಎಎಂಪಿಯನ್ನು ಫಾಸ್ಫೊಡೈಎಸ್ಟರೇಸ್ ಸಾಮಾನ್ಯ ಎಎಂಪಿ ಮಾಡುತ್ತದೆ. ಇನ್ಸುಲಿನ್ ಈ ಕಿಣ್ವದ ಒಂದು ಬಗೆಯನ್ನು ಚುರುಕುಗೊಳಿಸಿಯೂ ಅಡ್ರಿನಲಿನ್‌ಗೆ ಎದುರು ನಿಲ್ಲುತ್ತದೆ. ಪ್ರೋಟೀನ್‌ಗಳ ಮೇಲಿನ ಫಾಸ್ಫೇಟನ್ನು ಫಾಸ್ಫಟೇಸ್‌ಗಳು ಕಳಚುತ್ತವೆ. ಅಂದಹಾಗೆ ಕಾಫಿಯ ಕೆಫೀನ್ ಫಾಸ್ಫೊಡೈಎಸ್ಟರೇಸನ್ನು ತಡೆಯುತ್ತದೆ ಎಂಬುದು ಪರೀಕ್ಷಾ ನಳಿಕೆಯಲ್ಲಿ ನಿಜ. ಒಂದೆರಡು ಲೋಟ ಕುಡಿದಾಗ ಎಚ್ಚರ ತರುವುದು ಮಾತ್ರ ಅಡಿನೊಸಿನ್ ರಿಸೆಪ್ಟರನ್ನು ಅದು ಮುಚ್ಚುವುದರಿಂದ.

ಸಿಗ್ನಲ್ ಬಹಳ ಹೊತ್ತು ನಿಂತರೆ ಕೋಶ ಕಿವಿ ಮುಚ್ಚಿಕೊಳ್ಳುತ್ತದೆ. ಜಿಆರ್‌ಕೆ ಎಂಬ ಕೈನೇಸ್ ರಿಸೆಪ್ಟರ್‌ನ ಬಾಲಕ್ಕೆ ಫಾಸ್ಫೇಟ್ ಹಾಕುತ್ತದೆ, ಅದರ ಮೇಲೆ ಬೀಟಾ-ಅರೆಸ್ಟಿನ್ ಕೂರುತ್ತದೆ, ಜಿ-ಪ್ರೋಟೀನ್‌ಗೆ ಜಾಗ ಸಿಗುವುದಿಲ್ಲ, ಕೊನೆಗೆ ರಿಸೆಪ್ಟರನ್ನೇ ಒಳಗೆಳೆದುಕೊಳ್ಳಲಾಗುತ್ತದೆ. ಬೀಟಾ-2 ರಿಸೆಪ್ಟರನ್ನೇ ಎಬ್ಬಿಸುವ ಆಸ್ತಮಾ ಔಷಧಿ ಸಾಲ್ಬುಟಮಾಲ್ ಇನ್‌ಹೇಲರನ್ನು ಪದೇಪದೇ ಎಳೆಯುತ್ತಿದ್ದರೆ ಅದರ ಪರಿಣಾಮ ತಗ್ಗಲು ಇದೊಂದು ಕಾರಣ.

ಗಡಿಯಾರ ನಿಂತರೆ

1959ರಲ್ಲಿ ಕೋಲ್ಕತ್ತಾದ ಶಂಭುನಾಥ ಡೇ, ಕಾಲರಾ ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ಬರೀ ದ್ರವವೇ ಮೊಲದ ಕರುಳಿನ ಕಟ್ಟಿದ ತುಂಡಿನಲ್ಲಿ ನೀರು ತುಂಬಿಸುತ್ತದೆ ಎಂದು ತೋರಿಸಿದರು. ಆ ದ್ರವದಲ್ಲಿದ್ದ ಕಾಲರಾ ವಿಷ ಕರುಳಿನ ಕೋಶದೊಳಗೆ ಹೋಗಿ, ಜಿಎಸ್ ಆಲ್ಫಾದ ಅದೇ 201ನೇ ಆರ್ಜಿನಿನ್‌ಗೆ ಎನ್‌ಎಡಿ ಎಂಬ ಕೋಶದೊಳಗಿನ ಅಣುವಿನ ಒಂದು ತುಂಡನ್ನು ಅಂಟಿಸುತ್ತದೆ. ಜಿಟಿಪಿ ಕತ್ತರಿಸಲಾಗದು, ಸೈಕ್ಲೇಸ್ ನಿಲ್ಲದು, ಸೈಕ್ಲಿಕ್ ಎಎಂಪಿ ಏರುತ್ತಲೇ ಹೋಗುತ್ತದೆ. ಪಿಕೆಎ ಕ್ಲೋರೈಡ್ ಚಾನೆಲ್ ತೆರೆಯುತ್ತದೆ, ಉಪ್ಪಿನ ಹಿಂದೆ ನೀರೂ ಹೊರಡುತ್ತದೆ. ಜೋರಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಹುದು. ಆದರೆ ಸೋಡಿಯಂ ಮತ್ತು ಗ್ಲೂಕೋಸನ್ನು ಒಟ್ಟಿಗೆ ಒಳಗೆಳೆಯುವ ವಾಹಕ ಕೆಟ್ಟಿರುವುದಿಲ್ಲ. ಒಆರ್‌ಎಸ್ ನಿಂತಿರುವುದೇ ಅದರ ಮೇಲೆ: ಲೀಟರ್‌ಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಪೊಟ್ಟಣವನ್ನು ಕಡಿಮೆ ನೀರಿಗೆ ಕಲಸಿದರೆ ದ್ರಾವಣ ಗಟ್ಟಿಯಾಗಿ ದೇಹದಿಂದ ಕರುಳಿನೊಳಕ್ಕೆ ಇನ್ನಷ್ಟು ನೀರನ್ನೇ ಎಳೆಯುತ್ತದೆ.

ಅದೇ 201ನೇ ಆರ್ಜಿನಿನ್ ಜೀನ್‌ನಲ್ಲೇ ಬದಲಾದರೆ ಮೆಕ್ಯೂನ್-ಆಲ್ಬ್ರೈಟ್ ಸಿಂಡ್ರೋಮ್: ಬದಲಾದ ಕೋಶಗಳು ಹಾರ್ಮೋನ್ ಇಲ್ಲದೆಯೂ ಹಾರ್ಮೋನ್ ಬಂದಂತೆ ನಡೆದುಕೊಳ್ಳುತ್ತವೆ. ನಾಯಿಕೆಮ್ಮಿನ ವಿಷವನ್ನು ಇವುಗಳ ಜೊತೆ ಕಲಸಬೇಡಿ. ಅದು ಮುಟ್ಟುವುದು ಸೈಕ್ಲೇಸನ್ನು ತಡೆಯುವ ಜಿಐ ಪ್ರೋಟೀನನ್ನು. ಜಿಐ ರಿಸೆಪ್ಟರ್ ಜೊತೆ ಸೇರಲಾಗದೆ ಜಿಡಿಪಿ ಹಿಡಿದೇ ಉಳಿಯುತ್ತದೆ. ಎರಡರಲ್ಲೂ ಸೈಕ್ಲಿಕ್ ಎಎಂಪಿ ಏರುತ್ತದೆ, ಒಂದರಲ್ಲಿ ಆಕ್ಸಿಲರೇಟರ್ ಸಿಕ್ಕಿಕೊಂಡು, ಇನ್ನೊಂದರಲ್ಲಿ ಬ್ರೇಕ್ ಕಡಿದು.

ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ಕೋಶಕ್ಕೆ ಹಾರ್ಮೋನ್ ಹಾಕಿದರೂ ಸ್ಪಂದನೆ ಇಲ್ಲ ಎಂದಿಟ್ಟುಕೊಳ್ಳಿ. ಮೊದಲು ಫೋರ್ಸ್ಕೋಲಿನ್ 10 ಮೈಕ್ರೊಮೋಲಾರ್ ಹಾಕಿ. ಕರ್ನಾಟಕದಲ್ಲೂ ಬೆಳೆಯುವ ಕೋಲಿಯಸ್ ಬೇರಿನಿಂದ ಬರುವ ಈ ವಸ್ತು ರಿಸೆಪ್ಟರ್‌ನ ಗೊಡವೆಯಿಲ್ಲದೆ ನೇರ ಸೈಕ್ಲೇಸನ್ನೇ ಎಬ್ಬಿಸುತ್ತದೆ. ಈಗ ಸ್ಪಂದನೆ ಬಂದರೆ ಕೆಟ್ಟಿರುವುದು ರಿಸೆಪ್ಟರ್ ಅಥವಾ ಜಿ-ಪ್ರೋಟೀನ್. ಬರದಿದ್ದರೆ ಪೊರೆ ದಾಟಬಲ್ಲ 8-ಬ್ರೋಮೊ ಸೈಕ್ಲಿಕ್ ಎಎಂಪಿ ಹಾಕಿ. ಅದಕ್ಕೆ ಸ್ಪಂದಿಸಿದರೆ ತೊಂದರೆ ಸೈಕ್ಲೇಸ್‌ನಲ್ಲಿದೆ, ಇಲ್ಲವೇ ಸೈಕ್ಲಿಕ್ ಎಎಂಪಿ ಹುಟ್ಟಿದಷ್ಟೇ ಬೇಗ ಒಡೆದುಹೋಗುತ್ತಿದೆ. ಇವೆರಡನ್ನು ಬೇರೆ ಮಾಡಲು ಫೋರ್ಸ್ಕೋಲಿನ್ ಜೊತೆ ಫಾಸ್ಫೊಡೈಎಸ್ಟರೇಸ್ ತಡೆಯುವ ಐಬಿಎಂಎಕ್ಸ್ ಸೇರಿಸಿ ನೋಡಿ. 8-ಬ್ರೋಮೊಗೂ ಜಪ್ಪಯ್ಯ ಅನ್ನದಿದ್ದರೆ ಪಿಕೆಎಯಿಂದ ಕೆಳಗೆ ಹುಡುಕಿ. ಸೂಡೊಹೈಪೊಪ್ಯಾರಾಥೈರಾಯ್ಡಿಸಂ (ಪ್ಯಾರಾಥೈರಾಯ್ಡ್ ಹಾರ್ಮೋನ್ ಇದ್ದರೂ ದೇಹ ಅದಕ್ಕೆ ಸ್ಪಂದಿಸದ ರೋಗ) ಅನುಮಾನ ಬಂದಾಗ ವೈದ್ಯರ ತರ್ಕವೂ ಇದೇ: ಪ್ಯಾರಾಥೈರಾಯ್ಡ್ ಹಾರ್ಮೋನ್ ಕೊಟ್ಟು ಮೂತ್ರದಲ್ಲಿ ಸೈಕ್ಲಿಕ್ ಎಎಂಪಿ ಅಳೆಯುತ್ತಾರೆ. ರೋಗದ ಮೊದಲ ಬಗೆಯಲ್ಲಿ ಅದು ಸರಿಯಾಗಿ ಏರುವುದಿಲ್ಲ, ಯಾಕೆಂದರೆ ಅಲ್ಲಿ ಕೊರತೆಯಿರುವುದು ಜಿಎಸ್ ಆಲ್ಫಾದಲ್ಲೇ.